ಹಲ್ಲು ನೋಡದ ಗಿರಾಕಿ

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತ ಮೊದಲು ಮಾಡುವ ಕೆಲಸ ಅದರ ಬಾಯಿ ಅಗಲಿಸಿ ಹಲ್ಲು ನೋಡುವುದು. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಆರು ಹಲ್ಲಿನದೋ ಎಂಬುದರ ಮೇಲೆ ವಯಸ್ಸು. ವಯಸ್ಸಿನ ಮೇಲೆ ಬೆಲೆ. ಆಮೇಲೆ ಮೈಮೇಲಿನ ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಇದೆಲ್ಲ ಮುಗಿದ ಮೇಲೆಯೇ ದಲ್ಲಾಳಿಯ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದು. ಮಾರುವವನಿಗೆ ಆ ಹೊತ್ತಿನಲ್ಲಿ ಹೆಚ್ಚಿನ ಕೆಲಸವಿಲ್ಲ. ಹಗ್ಗ ಹಿಡಿದು ನಿಂತಿದ್ದು, ಕೊನೆಗೆ ನೋಟು ಎಣಿಸಿಕೊಂಡು ಹಗ್ಗ ಬಿಟ್ಟುಕೊಟ್ಟರಾಯಿತು. ಮೋಸ ಹೋಗುವ ಭಯ ಏನಿದ್ದರೂ ಕೊಳ್ಳುವವನದು.

ಹಳೆಯ ಸಾಮಾನಿನ ವ್ಯಾಪಾರವೆಲ್ಲ ತಲೆಮಾರುಗಳಿಂದ ನಡೆದು ಬಂದದ್ದು ಹೀಗೆಯೇ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯಲ್ಲಿ ಹಾಳೆ ಹರಿದಿದೆಯೇ ಎಂದು ನೋಡುವವನು ಕೊಳ್ಳುವವನೇ. ಶಿವಾಜಿನಗರದ ಗುಜರಿಯಲ್ಲಿ ಬಿಡಿಭಾಗವನ್ನು ತಿರುಗಿಸಿ ಮುರುಗಿಸಿ ನೋಡುವವನೂ ಅವನೇ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಬರೆದ ಒಂದು ಪ್ರಬಂಧದ ತಿರುಳೂ ಇದೇ. ಹಳೆ ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಒಂದು ಅಸಮತೆಯೇ ಇಡೀ ಮಾರುಕಟ್ಟೆಯನ್ನು ಕೆಡಿಸಬಲ್ಲದು ಎಂದು ಅವರು ತೋರಿಸಿದರು. ಕೆಟ್ಟ ಕಾರಿಗೆ ಅಲ್ಲಿಯ ಆಡುಮಾತಿನಲ್ಲಿ ‘ನಿಂಬೆಹಣ್ಣು’ ಎನ್ನುತ್ತಾರಾದ್ದರಿಂದ ಆ ಪ್ರಬಂಧದ ಹೆಸರಿನಲ್ಲೂ ನಿಂಬೆಹಣ್ಣುಗಳ ಮಾರುಕಟ್ಟೆಯೇ ಇದೆ. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಅವರು ಮತ್ತಿಬ್ಬರೊಡನೆ ಹಂಚಿಕೊಂಡರು.

ಆದರೆ ಇಂಟರ್‌ನೆಟ್ಟಿನ ಸಂತೆ ಈ ಲೆಕ್ಕವನ್ನು ತಲೆಕೆಳಗು ಮಾಡಿದೆ. ಅಲ್ಲಿ ವಸ್ತುವಿನ ಫೋಟೊ ಕಣ್ಣಿಗೆ ಕಾಣುತ್ತದೆ, ಕಾಣದಿರುವುದು ಹಣ. ಹಣ ಬಂತೋ, ಬರುತ್ತಿದೆಯೋ, ಹೋಗುತ್ತಿದೆಯೋ ಎಂಬುದು ಫೋನಿನ ಪರದೆಯ ಮೇಲಿನ ನಾಲ್ಕು ಅಕ್ಷರಗಳಿಂದ ತಿಳಿಯಬೇಕು. ಹೀಗಾಗಿ ಈಗ ಹಲ್ಲು ನೋಡಬೇಕಾದವನು ಮಾರುವವನೇ ಆಗಿದ್ದಾನೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಹದಿನಾಲ್ಕು ಸಾವಿರ ರೂಪಾಯಿ ಶುಲ್ಕ ತೆತ್ತು ಕಲಿತದ್ದು.

ಬೀರು ಮಾರಲು ಹೋದದ್ದು

2022ರಲ್ಲಿ ನಾವು ಬಾಡಿಗೆ ಮನೆ ಬದಲಾಯಿಸಬೇಕಾಗಿ ಬಂತು. ಹೊಸ ಮನೆಯ ಕೋಣೆ ಚಿಕ್ಕದು. ಮದುವೆಯಾದ ಹೊಸತರಲ್ಲಿ ಕೊಂಡಿದ್ದ ಎರಡು ಬಾಗಿಲಿನ ಕಬ್ಬಿಣದ ಬೀರು ಅಲ್ಲಿ ಹಿಡಿಸುವಂತಿರಲಿಲ್ಲ. ಹಳೆಯ ಸಾಮಾನು ಮಾರುವ ಆ್ಯಪ್ ಒಂದರಲ್ಲಿ ಫೋಟೊ ಹಾಕಿ, ಏಳು ಸಾವಿರ ಎಂದು ಬೆಲೆ ಬರೆದೆ. ಅರ್ಧ ಗಂಟೆಯೂ ಆಗಿರಲಿಲ್ಲ, ಫೋನು ಬಂತು.

ಆ ಕಡೆಯ ದನಿ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿತು. ತಾನು ಸೇನೆಯಲ್ಲಿರುವವನು, ಈಗಷ್ಟೇ ಈ ಕಡೆಗೆ ವರ್ಗವಾಗಿದೆ, ಕುಟುಂಬ ಮುಂದಿನ ವಾರ ಬರುತ್ತದೆ, ಬೀರು ಬೇಕೇ ಬೇಕು ಎಂದಿತು. ವಾಟ್ಸ್‌ಆ್ಯಪಿನಲ್ಲಿ ಸಮವಸ್ತ್ರದ ಫೋಟೊ ಬಂತು, ಗುರುತಿನ ಚೀಟಿ ಬಂತು. ಬೆಲೆಯಲ್ಲಿ ಚೌಕಾಸಿಯೇ ಇಲ್ಲ. ಬೀಗ ಸರಿಯಿದೆಯೇ, ಒಳಗಿನ ತಿಜೋರಿಯ ಕೀಲಿ ಇದೆಯೇ, ತುಕ್ಕು ಹಿಡಿದಿದೆಯೇ ಎಂದೂ ಕೇಳಲಿಲ್ಲ. ಲಾರಿ ಕಳಿಸುತ್ತೇನೆ, ಹಣ ಈಗಲೇ ಹಾಕುತ್ತೇನೆ ಎಂದ. ಸೈನಿಕನೆಂದರೆ ನಮ್ಮಂಥವರಿಗೆ ಗೌರವ. ಅನುಮಾನ ಪಡುವುದೇ ತಪ್ಪೆನಿಸಿತು.

‘ನಮ್ಮಲ್ಲಿ ಪಾವತಿಯ ಪದ್ಧತಿ ಸ್ವಲ್ಪ ಬೇರೆ ಸರ್. ನಾನು ಒಂದು ಕ್ಯೂಆರ್ ಕಳಿಸುತ್ತೇನೆ. ಐದು ರೂಪಾಯಿ ಹಾಕಿ ನೋಡಿ, ಹತ್ತು ನಿಮಗೆ ವಾಪಸು ಬರುತ್ತದೆ’ ಎಂದ. ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ಐದು ಹೋಯಿತು, ಮರುಕ್ಷಣ ಹತ್ತು ಬಂತು. ಮೂವತ್ತು ವರ್ಷ ಮಕ್ಕಳಿಗೆ ಪ್ರಯೋಗ ಮಾಡಿಸಿದವನಿಗೆ ಇನ್ನೇನು ಬೇಕು? ಕಣ್ಣಾರೆ ಕಂಡಾಯಿತಲ್ಲ! ಎರಡನೆಯ ಕ್ಯೂಆರ್ ಚೌಕದ ಕೆಳಗೆ ‘7,000 ರೂಪಾಯಿ ಸ್ವೀಕರಿಸಲು ಸ್ಕ್ಯಾನ್ ಮಾಡಿ’ ಎಂದೇ ಬರೆದಿತ್ತು. ಮಾಡಿದೆ. ಏಳು ಸಾವಿರ ಹೋಯಿತು. ‘ಅಯ್ಯೋ, ಸರ್ವರ್ ತೊಂದರೆ ಸರ್, ಇನ್ನೊಂದು ಸಲ ಮಾಡಿ, ಎರಡೂ ಒಟ್ಟಿಗೆ ಬರುತ್ತವೆ’ ಎಂದ. ಗಾಬರಿಯಲ್ಲಿ ಅದನ್ನೂ ಮಾಡಿದೆ.

ಮೂರನೆಯದಕ್ಕೆ ಬೆರಳು ಎತ್ತುವಾಗ ಅಡುಗೆಮನೆಯಿಂದ ಬಂದ ನನ್ನ ಹೆಂಡತಿ ಕೇಳಿದಳು: ‘ರೀ, ದುಡ್ಡು ಕೊಡೋದು ಅವರು ತಾನೇ? ನೀವ್ಯಾಕೆ ಪಿನ್ ಹಾಕ್ತಿದೀರಿ?’

ಹತ್ತನೆಯ ತರಗತಿಯವರೆಗೆ ಓದಿದವಳಿಗೆ ಹೊಳೆದದ್ದು ಬಿಎಸ್ಸಿ, ಬಿಇಡಿ ಮಾಡಿದವನಿಗೆ ಹೊಳೆದಿರಲಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ನೆನಪಾಯಿತು. ಫೋನು ಮಾಡಿದರೆ ಆ ನಂಬರು ಆಗಲೇ ಬಂದಾಗಿತ್ತು.

ಚೌಕದೊಳಗೆ ಏನಿದೆ?

ನಾನು ಎಡವಿದ್ದೆಲ್ಲಿ ಎಂದು ಆಮೇಲೆ ಯೋಚಿಸಿದೆ. ಐದು ಹೋದದ್ದೂ ನಿಜ, ಹತ್ತು ಬಂದದ್ದೂ ನಿಜ. ಆದರೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗಿರಲಿಲ್ಲ. ಐದು ರೂಪಾಯಿಯನ್ನು ನಾನು ಅವನಿಗೆ ಕೊಟ್ಟೆ. ಹತ್ತು ರೂಪಾಯಿಯನ್ನು ಅವನು ತನ್ನ ಫೋನಿನಿಂದ ಬೇರೆಯಾಗಿ ಕಳಿಸಿದ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಹಾಗೆ. ಇಲ್ಲಿ ಕಾಗೆ ಕೂತ ಕೂಡಲೇ ಟೊಂಗೆಯನ್ನು ಕತ್ತರಿಸಲು ಒಬ್ಬ ಮರೆಯಲ್ಲಿ ಕಾಯುತ್ತಿದ್ದ ಅಷ್ಟೇ.

ಕ್ಯೂಆರ್ ಚೌಕವನ್ನು 1994ರಲ್ಲಿ ಜಪಾನಿನ ಡೆನ್ಸೊ ಬಳಗದ ಎಂಜಿನಿಯರ್ ಮಸಾಹಿರೊ ಹರಾ ಮತ್ತು ಸಂಗಡಿಗರು ರೂಪಿಸಿದ್ದು ಕಾರು ಕಾರ್ಖಾನೆಯ ಬಿಡಿಭಾಗಗಳ ಲೆಕ್ಕ ಇಡಲು. ಆ ಕಪ್ಪು ಬಿಳುಪು ಚುಕ್ಕಿಗಳಲ್ಲಿ ಯಾವ ಮಾಯೆಯೂ ಇಲ್ಲ. ಅದು ಬರಹವನ್ನು ಯಂತ್ರ ಓದುವಂತೆ ಬರೆಯುವ ಒಂದು ಲಿಪಿ. ಹಣ ಪಾವತಿಯ ಚೌಕದಲ್ಲಿ ಬರೆದಿರುವುದು ಇಷ್ಟೇ: ಹಣ ಸೇರಬೇಕಾದವನ ಯುಪಿಐ ವಿಳಾಸ, ಅವನ ಹೆಸರು, ಕೆಲವೊಮ್ಮೆ ಮೊತ್ತ. ಅಂದರೆ ಅದು ವಿಳಾಸ ಬರೆದು ಸಿದ್ಧಪಡಿಸಿದ ಮನಿಆರ್ಡರ್ ಫಾರಂ ಇದ್ದ ಹಾಗೆ. ಸ್ಕ್ಯಾನ್ ಮಾಡಿದವನು ಹಣ ಕಟ್ಟುವವನು. ಚೌಕ ಯಾರದೋ ಅವನು ಪಡೆಯುವವನು. ಅದರ ಕೆಳಗೆ ‘ಸ್ವೀಕರಿಸಲು’ ಎಂದು ಯಾರು ಬೇಕಾದರೂ ಮುದ್ರಿಸಬಹುದು. ಚೌಕದೊಳಗಿನ ಬರಹ ಅದರಿಂದ ಬದಲಾಗುವುದಿಲ್ಲ.

ಪಿನ್ನಿನ ಕೆಲಸವೂ ಹೀಗೆಯೇ ಏಕಮುಖ. 2016ರ ಏಪ್ರಿಲ್‌ನಲ್ಲಿ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಆರಂಭಿಸಿದ ಯುಪಿಐ ವ್ಯವಸ್ಥೆಯಲ್ಲಿ ಪಿನ್ ಎಂಬುದು ಚೆಕ್ಕಿನ ಮೇಲಿನ ಸಹಿಗೆ ಸಮಾನ. ನಮ್ಮ ಖಾತೆಯಿಂದ ಹಣ ಕಳಿಸಲು, ಬಾಕಿ ಎಷ್ಟಿದೆ ನೋಡಲು ಅದು ಬೇಕು. ಹಣ ಪಡೆಯಲು ಬೇಡ. ಮದುವೆ ಮನೆಯಲ್ಲಿ ಮುಯ್ಯಿ ಪಡೆಯುವವನು ಸಹಿ ಹಾಕುತ್ತಾನೆಯೇ? ಇತ್ತೀಚೆಗೆ ಪಿನ್ ಬದಲು ಬೆರಳಚ್ಚು ಅಥವಾ ಮುಖ ತೋರಿಸಿ ಕಳಿಸುವ ಅನುಕೂಲವೂ ಬಂದಿದೆ. ಅದಕ್ಕೂ ಇದೇ ನಿಯಮ. ಕೈಫೋನು ಪಿನ್ ಕೇಳಿತೆಂದರೆ ಹಣ ಹೊರಗೆ ಹೋಗಲು ಬಾಗಿಲಲ್ಲಿ ನಿಂತಿದೆ ಎಂದೇ ಅರ್ಥ.

ಒಂದು ಬಾಗಿಲನ್ನು ಮುಚ್ಚಲಾಗಿದೆ ಎಂಬುದು ಸಮಾಧಾನದ ಸಂಗತಿ. ಮೊದಲು ಯಾರು ಬೇಕಾದರೂ ನಮಗೆ ‘ಇಷ್ಟು ಹಣ ಕೊಡಿ’ ಎಂಬ ಕೋರಿಕೆ ಕಳಿಸಬಹುದಿತ್ತು. ವಂಚಕರು ಅದನ್ನೇ ‘ಹಣ ಬಂದಿದೆ, ಒಪ್ಪಿಗೆ ಒತ್ತಿ’ ಎಂದು ನಂಬಿಸುತ್ತಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಇಂಥ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಆದರೆ ಕ್ಯೂಆರ್ ಚೌಕದ ಆಟ ಇದರಿಂದ ನಿಂತಿಲ್ಲ. ಅಲ್ಲಿ ಹಣ ಕಳಿಸುವ ಕ್ರಿಯೆಯನ್ನು ಮಾಡುವವರು ನಾವೇ ಆದ್ದರಿಂದ ಅದನ್ನು ತಡೆಯುವ ಯಂತ್ರ ಇನ್ನೂ ಬರಬೇಕಿದೆ.

ಇಂಥದ್ದು ನನ್ನಂಥ ಹಳಬರಿಗೆ ಮಾತ್ರ ಆಗುತ್ತದೆಂದು ಯುವಕರು ನಗಬೇಕಿಲ್ಲ. 2021ರ ಫೆಬ್ರುವರಿಯಲ್ಲಿ ದೆಹಲಿಯ ಅಂದಿನ ಮುಖ್ಯಮಂತ್ರಿಯ ಮಗಳೇ ಹಳೆಯ ಸೋಫಾ ಮಾರಲು ಹೋಗಿ 34 ಸಾವಿರ ರೂಪಾಯಿ ಕಳೆದುಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅಲ್ಲಿಯೂ ಮೊದಲು ಸಣ್ಣ ಮೊತ್ತ ಬಂತು, ಆಮೇಲೆ ಕ್ಯೂಆರ್ ಚೌಕ ಬಂತು.

ಬೇರೆ ಬೇರೆ ವೇಷಗಳು

ಸೈನಿಕನ ವೇಷ ಒಂದು ಮಾತ್ರ. ಇನ್ನು ಕೆಲವನ್ನು ತಿಳಿದಿರಬೇಕು.

ಒಂದು, ನಕಲಿ ಸಂದೇಶ. ‘ನಿಮ್ಮ ಖಾತೆಗೆ 50,000 ಜಮೆಯಾಗಿದೆ’ ಎಂದು ಬ್ಯಾಂಕಿನದೇ ಧಾಟಿಯಲ್ಲಿ ಎಸ್‌ಎಂಎಸ್ ಬರುತ್ತದೆ. ಹಿಂದೆಯೇ ಫೋನು: ‘ಐದು ಸಾವಿರದ ಬದಲು ಒಂದು ಸೊನ್ನೆ ಹೆಚ್ಚಾಗಿ ಹೋಯಿತು, ತಾಯಿ ಆಸ್ಪತ್ರೆಯಲ್ಲಿದ್ದಾರೆ, ಉಳಿದದ್ದು ವಾಪಸು ಕಳಿಸಿ.’ ಸಂದೇಶ ಬಂದದ್ದು ಯಾವುದೋ ಹತ್ತು ಅಂಕಿಯ ನಂಬರಿನಿಂದ ಎಂಬುದನ್ನು ಗಾಬರಿಯಲ್ಲಿ ಯಾರೂ ಗಮನಿಸುವುದಿಲ್ಲ. ‘ಕಳಿಸಿದ್ದೇನೆ ನೋಡಿ’ ಎಂದು ತೋರಿಸುವ ಸ್ಕ್ರೀನ್‌ಶಾಟ್ ಕೂಡ ಇದೇ ಜಾತಿಯದು. ಎಸ್‌ಎಂಎಸ್ ಆಗಲಿ, ಚಿತ್ರವಾಗಲಿ ಹಣವಲ್ಲ. ನಾವೇ ನಮ್ಮ ಬ್ಯಾಂಕಿನ ಆ್ಯಪ್ ತೆರೆದು ಬಾಕಿ ನೋಡಿದಾಗ ಕಂಡದ್ದು ಮಾತ್ರ ಹಣ.

ಎರಡು, ಸಾಗಣೆಯ ನೆಪ. ‘ಕೊರಿಯರ್‌ನವರು ಬಂದು ಸಾಮಾನು ಒಯ್ಯುತ್ತಾರೆ, ಈ ಲಿಂಕಿನಲ್ಲಿ ನಿಮ್ಮ ವಿವರ ತುಂಬಿ, ವಿಮೆಯ ಹಣ ಕಟ್ಟಿ, ಆಮೇಲೆ ಎಲ್ಲ ಸೇರಿ ವಾಪಸು ಬರುತ್ತದೆ’ ಎನ್ನುತ್ತಾರೆ. ಮಾರುವವನು ಮುಂಗಡ ಕೊಡುವ ವ್ಯಾಪಾರ ಲೋಕದಲ್ಲಿ ಎಲ್ಲಿಯೂ ಇಲ್ಲ.

ಮೂರು, ಸಹಾಯದ ನೆಪ. ಹಣ ಬರುತ್ತಿಲ್ಲವೆಂದಾಗ ‘ಒಂದು ಆ್ಯಪ್ ಹಾಕಿಕೊಳ್ಳಿ, ನಾನೇ ಸರಿಮಾಡಿಕೊಡುತ್ತೇನೆ’ ಎನ್ನುವವನು ನಮ್ಮ ಪರದೆಯನ್ನು ತನ್ನ ಊರಿನಲ್ಲಿ ಕೂತು ನೋಡುವ ಆ್ಯಪನ್ನು ಹಾಕಿಸುತ್ತಾನೆ. ಆಮೇಲೆ ಒಟಿಪಿ ಕೇಳುವ ಅಗತ್ಯವೂ ಅವನಿಗಿಲ್ಲ, ಬಂದದ್ದು ಅವನಿಗೂ ಕಾಣುತ್ತದೆ.

ನಾಲ್ಕನೆಯದು ಹೆಚ್ಚು ಮಂದಿಗೆ ತಿಳಿಯದ್ದು. ಗಿರಾಕಿ ಬರುತ್ತಾನೆ, ಲ್ಯಾಪ್‌ಟಾಪ್ ನೋಡುತ್ತಾನೆ, ಹಣ ನಿಜವಾಗಿಯೂ ಖಾತೆಗೆ ಬೀಳುತ್ತದೆ. ಆದರೆ ಅದು ಬಂದಿರುವುದು ಮೂರನೆಯವರೊಬ್ಬರ ಖಾತೆಯಿಂದ. ಅವರು ಇನ್ನೆಲ್ಲೋ ಮೋಸ ಹೋಗಿ ಕಳಿಸಿದ ಹಣ. ಅವರು ದೂರು ಕೊಟ್ಟಾಗ ಪೊಲೀಸರು ಹಣದ ಜಾಡು ಹಿಡಿದು ಬರುವುದು ನಮ್ಮ ಖಾತೆಗೆ. ಖಾತೆ ಸ್ಥಗಿತಗೊಳ್ಳುತ್ತದೆ, ಸಂಬಳದ ಹಣವೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಎದುರು ನಿಂತವನ ಹೆಸರಿಗೂ ಹಣ ಬಂದ ಖಾತೆಯ ಹೆಸರಿಗೂ ತಾಳೆ ನೋಡಬೇಕು. ಹೊಂದದಿದ್ದರೆ ಯಾರು, ಏನು ಎಂದು ಕೇಳಲು ಸಂಕೋಚ ಬೇಡ. ಮಾರಾಟದ ಚೀಟಿ, ಮಾತುಕತೆಯ ಸಂದೇಶಗಳು ನಮ್ಮ ಬಳಿ ಇದ್ದರೆ ನಾವು ನಿಜವಾಗಿ ಒಂದು ವಸ್ತು ಮಾರಿದ್ದೇವೆಂದು ತೋರಿಸಲು ಆಧಾರವಾಗುತ್ತದೆ.

ಮಾರುವ ಕ್ರಮ

ಇಷ್ಟೆಲ್ಲ ಕೇಳಿ ಮಾರುವುದೇ ಬೇಡವೆಂದು ಸಾಮಾನನ್ನು ಅಟ್ಟಕ್ಕೆ ಹಾಕಬೇಕಿಲ್ಲ. ನಮಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕಿರುತ್ತದೆ. ಅದು ಗುಜರಿಗೆ ಹೋಗುವ ಬದಲು ಇನ್ನೊಂದು ಮನೆಯಲ್ಲಿ ಹತ್ತು ವರ್ಷ ಬಾಳಿದರೆ ಎಲ್ಲರಿಗೂ ಒಳ್ಳೆಯದೇ. ಕ್ರಮ ತಿಳಿದಿದ್ದರೆ ಸಾಕು.

ಜಾಹೀರಾತಿನಲ್ಲಿ ವಸ್ತುವಿನ ವಿವರ ಪೂರ್ತಿ ಇರಲಿ, ನಮ್ಮ ವಿವರ ಇರುವುದು ಬೇಡ. ಫೋಟೊದಲ್ಲಿ ಮನೆಯ ಬಾಗಿಲಿನ ನಂಬರು, ವಿಳಾಸವಿರುವ ರಸೀದಿ, ಗೋಡೆಗೆ ತೂಗುಹಾಕಿದ ಮಕ್ಕಳ ಫೋಟೊ ಬೀಳದಂತೆ ನೋಡಿಕೊಳ್ಳಬೇಕು. ‘ಊರು ಬಿಡುತ್ತಿದ್ದೇವೆ, ಶನಿವಾರದೊಳಗೆ ಮಾರಲೇಬೇಕು’ ಎಂದು ಬರೆದರೆ ಬೆಲೆಯೂ ಇಳಿಯುತ್ತದೆ, ಮನೆ ಖಾಲಿಯಾಗುವ ದಿನವೂ ಊರಿಗೆಲ್ಲ ತಿಳಿಯುತ್ತದೆ. ಹುಳುಕಿದ್ದರೆ ಮೊದಲೇ ಹೇಳಿಬಿಡುವುದು ಮೇಲು. ಮನೆಬಾಗಿಲಲ್ಲಿ ಜಗಳವಾಗುವುದು ಹೇಳದೆ ಬಿಟ್ಟ ಹುಳುಕಿನಿಂದಲೇ. ಅಡುಗೆ ಅನಿಲದ ಸಿಲಿಂಡರ್ ಅನ್ನು ಒಲೆಯ ಜೊತೆ ಮಾರುವವರಿದ್ದಾರೆ. ಅದು ನಮ್ಮದಲ್ಲ, ಠೇವಣಿ ಇಟ್ಟು ತಂದ ಕಂಪನಿಯ ಸ್ವತ್ತು. ಏಜೆನ್ಸಿಗೆ ಹಿಂತಿರುಗಿಸಿ ಠೇವಣಿ ಪಡೆಯಬೇಕು.

ಕೈಯಲ್ಲಿ ಹಿಡಿದು ಹೋಗಬಹುದಾದ ವಸ್ತುವನ್ನು ಮನೆಯಲ್ಲಿ ಮಾರುವ ಅಗತ್ಯವಿಲ್ಲ. ಹಗಲು ಹೊತ್ತು, ಜನ ಓಡಾಡುವ ಜಾಗ, ಜೊತೆಗೊಬ್ಬರು ಇದ್ದರೆ ಒಳ್ಳೆಯದು. ಅಮೆರಿಕದ ಹಲವು ಊರುಗಳಲ್ಲಿ ಪೊಲೀಸ್ ಠಾಣೆಯ ಅಂಗಳದಲ್ಲೇ ಇಂಥ ಕೊಡುಕೊಳ್ಳುವಿಕೆಗೆ ಕ್ಯಾಮೆರಾ ಇರುವ ಜಾಗ ಗುರುತು ಮಾಡಿಟ್ಟಿದ್ದಾರೆ. ನಮ್ಮಲ್ಲಿ ಬ್ಯಾಂಕಿನ ಮುಂದೆಯೋ, ಜನನಿಬಿಡ ಹೋಟೆಲಿನಲ್ಲಿಯೋ ಭೇಟಿಯಾಗಬಹುದು. ಬೀರು, ಮಂಚದಂಥ ದೊಡ್ಡ ಸಾಮಾನಿಗೆ ಗಿರಾಕಿ ಮನೆಗೇ ಬರಬೇಕು. ಆಗ ಅದನ್ನು ಮುಂಬಾಗಿಲ ಬಳಿಯ ಕೋಣೆಗೆ ಮೊದಲೇ ತಂದಿಟ್ಟರೆ ಅಪರಿಚಿತರು ಇಡೀ ಮನೆ ಸುತ್ತಿ ನೋಡುವುದು ತಪ್ಪುತ್ತದೆ.

ಹಣವನ್ನು ನಗದಾಗಿಯಾದರೂ ಪಡೆಯಲಿ, ಯುಪಿಐ ಮೂಲಕವಾದರೂ ಪಡೆಯಲಿ, ವಸ್ತು ಕೈಬಿಡುವ ಮುನ್ನ ಪಡೆಯಬೇಕು. ನಮ್ಮ ಕ್ಯೂಆರ್ ಅನ್ನು ನಾವು ತೋರಿಸಬೇಕು, ಅವರು ಸ್ಕ್ಯಾನ್ ಮಾಡಬೇಕು. ಅವರದನ್ನು ನಾವು ಮಾಡುವುದಲ್ಲ. ಚೆಕ್ ಕೊಟ್ಟರೆ ಅದು ನಗದಾಗುವವರೆಗೆ ವಸ್ತು ನಮ್ಮಲ್ಲೇ ಇರಲಿ. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ ಎಂಬುದನ್ನು ಕಾರು ಮಾರುವವರು ನೆನಪಿಡಬೇಕು.

ನೆನಪು ಇಟ್ಟುಕೊಳ್ಳುವ ವಸ್ತುಗಳು

ಬೀರು ಮಾರಿದರೆ ಬೀರು ಮಾತ್ರ ಹೋಗುತ್ತದೆ. ಫೋನು, ಕಂಪ್ಯೂಟರ್ ಮಾರಿದರೆ ಹಾಗಲ್ಲ. ಅವುಗಳೊಳಗೆ ನಾವೂ ಇರುತ್ತೇವೆ.

‘ಎಲ್ಲ ಡಿಲೀಟ್ ಮಾಡಿದ್ದೇನೆ’ ಎನ್ನುವವರಿಗೆ ನಾನು ಶಾಲೆಯ ಗ್ರಂಥಾಲಯದ ಉದಾಹರಣೆ ಕೊಡುತ್ತೇನೆ. ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಬರೆದ ಕಾರ್ಡನ್ನು ಹರಿದುಹಾಕಿದರೆ ಪುಸ್ತಕ ಮಾಯವಾಗುತ್ತದೆಯೇ? ಹುಡುಕುವುದು ಕಷ್ಟ, ಅಷ್ಟೇ. ಕಂಪ್ಯೂಟರಿನ ಡಿಸ್ಕಿನಲ್ಲಿ ಡಿಲೀಟ್ ಮಾಡಿದಾಗ ಹೋಗುವುದೂ ಕಾರ್ಡು ಮಾತ್ರ. ಅದೇ ಜಾಗದ ಮೇಲೆ ಬೇರೆ ಬರಹ ಬೀಳುವವರೆಗೆ ಹಳೆಯದು ಅಲ್ಲೇ ಇರುತ್ತದೆ. ಅಮೆರಿಕದ ಎಂಐಟಿಯ ಇಬ್ಬರು ವಿದ್ಯಾರ್ಥಿಗಳು 2000ದಿಂದ 2002ರವರೆಗೆ 158 ಹಳೆಯ ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ಪರೀಕ್ಷಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕವು!

ಈಗಿನ ಫೋನುಗಳಲ್ಲಿ ಪರಿಸ್ಥಿತಿ ಸುಧಾರಿಸಿದೆ. ಒಳಗಿನ ಬರಹವೆಲ್ಲ ಗೂಢಲಿಪಿಯಲ್ಲಿರುತ್ತದೆ. ‘ಫ್ಯಾಕ್ಟರಿ ರೀಸೆಟ್’ ಮಾಡಿದಾಗ ಆ ಲಿಪಿಯನ್ನು ಬಿಡಿಸುವ ಕೀಲಿಯೇ ನಾಶವಾಗುತ್ತದೆ. ಆದರೆ ರೀಸೆಟ್‌ಗೆ ಮುಂಚೆ ಒಂದು ಕ್ರಮವಿದೆ. ಬೇಕಾದ ಫೋಟೊ, ನಂಬರುಗಳನ್ನು ಬೇರೆಡೆ ಉಳಿಸಿಕೊಳ್ಳಿ. ಬ್ಯಾಂಕ್ ಮತ್ತು ಪಾವತಿ ಆ್ಯಪ್‌ಗಳಿಂದ ಹೊರಬನ್ನಿ. ಗೂಗಲ್ ಅಥವಾ ಆ್ಯಪಲ್ ಖಾತೆಯನ್ನು ಫೋನಿನಿಂದ ತೆಗೆಯಿರಿ. ಇದನ್ನು ಮರೆತರೆ ಕೊಂಡವನಿಗೆ ಫೋನು ತೆರೆಯುವುದೇ ಇಲ್ಲ, ಅವನು ನಿಮ್ಮ ಪಾಸ್‌ವರ್ಡ್ ಕೇಳುತ್ತಾ ಬರುತ್ತಾನೆ. ಸಿಮ್, ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಕೊನೆಗೆ ರೀಸೆಟ್. ಕಂಪ್ಯೂಟರಾದರೆ ಡಿಸ್ಕನ್ನು ಪೂರ್ತಿ ಅಳಿಸುವ ಆಯ್ಕೆಯನ್ನೇ ಆರಿಸಬೇಕು. ಅನುಮಾನವಿದ್ದರೆ ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಮಾರಬಹುದು.

ಪ್ರತಿ ಫೋನಿಗೂ 15 ಅಂಕಿಯ ಐಎಂಇಐ ಸಂಖ್ಯೆ ಇರುತ್ತದೆ. ಸ್ಟಾರ್, ಹ್ಯಾಷ್, 06, ಹ್ಯಾಷ್ ಒತ್ತಿದರೆ ಪರದೆಯ ಮೇಲೆ ಕಾಣುತ್ತದೆ. ಮಾರುವಾಗ ಆ ಸಂಖ್ಯೆ, ದಿನಾಂಕ, ಕೊಂಡವರ ಹೆಸರು ಮತ್ತು ಗುರುತಿನ ಚೀಟಿಯ ವಿವರ ಬರೆದು ಇಬ್ಬರೂ ಸಹಿ ಹಾಕಬೇಕು. ನಾಳೆ ಆ ಫೋನಿನಿಂದ ಯಾರೋ ಇನ್ನೊಬ್ಬರಿಗೆ ಟೋಪಿ ಹಾಕಿದರೆ ‘ಅಂದೇ ಮಾರಿದ್ದೆ’ ಎನ್ನಲು ನಮ್ಮಲ್ಲಿ ಕಾಗದವಿರಬೇಕಲ್ಲ?

ಗಾಡಿ ಹೋದರೂ ಹೆಸರು ಉಳಿದರೆ

ಸ್ಕೂಟರ್, ಕಾರು ಮಾರುವಾಗ ಅಪಾಯ ಇನ್ನೂ ದೊಡ್ಡದು. ಮೊದಲನೆಯದಾಗಿ, ‘ಒಂದು ರೌಂಡ್ ಓಡಿಸಿ ನೋಡುತ್ತೇನೆ’ ಎಂದು ಕೀಲಿ ಪಡೆದವನು ವಾಪಸು ಬರದಿರಬಹುದು. ಜೊತೆಗೆ ಕೂತು ಹೋಗಬೇಕು, ಇಲ್ಲವೇ ಅವನ ಜೊತೆಯವರು ಮತ್ತು ಅಸಲಿ ಲೈಸೆನ್ಸ್ ನಮ್ಮ ಬಳಿ ಇರಬೇಕು.

ಎರಡನೆಯದು ಕಾಗದದ ಪ್ರಶ್ನೆ. ಹಣ ಎಣಿಸಿಕೊಂಡು, ಆರ್‌ಸಿ ಪುಸ್ತಕ ಕೊಟ್ಟು, ‘ನೀವೇ ಹೆಸರು ಮಾಡಿಸಿಕೊಳ್ಳಿ’ ಎಂದು ಕೈತೊಳೆದುಕೊಳ್ಳುವವರೇ ಹೆಚ್ಚು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪನ್ನು ಇಂಥವರು ತಿಳಿಯಬೇಕು. ಮಾರಾಟವಾದ ಕಾರೊಂದು ಕೈಯಿಂದ ಕೈಗೆ ದಾಟುತ್ತಾ ಹೋಗಿ, 2009ರಲ್ಲಿ ಅದರಿಂದ ಅಪಘಾತವಾಗಿ ಸಾವು ಸಂಭವಿಸಿತು. ನೋಂದಣಿ ಮಾತ್ರ ಮೊದಲನೆಯವನ ಹೆಸರಿನಲ್ಲೇ ಉಳಿದಿತ್ತು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು, ಪರಿಹಾರದ ಹೊಣೆ ಅವರದು ಎಂದು ನ್ಯಾಯಾಲಯ ಹೇಳಿತು.

ಆದ್ದರಿಂದ ವರ್ಗಾವಣೆಯ ಸೂಚನೆಯಾದ ಫಾರಂ 29 ಮತ್ತು ವರ್ಗಾವಣೆಯ ಅರ್ಜಿಯಾದ ಫಾರಂ 30 ಎರಡಕ್ಕೂ ಸಹಿ ಬೀಳಬೇಕು. ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನಂತೆ, ವಾಹನ ಅದೇ ರಾಜ್ಯದ ನೋಂದಣಿಯದಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಖಾಲಿ ಫಾರಂಗೆ ಸಹಿ ಹಾಕಿಕೊಡುವುದು ಖಾಲಿ ಚೆಕ್ ಕೊಟ್ಟಂತೆ. ಗಾಡಿ ಒಪ್ಪಿಸಿದ ದಿನ ಮಾತ್ರವಲ್ಲ, ಗಂಟೆಯನ್ನೂ ಬರೆದು ಸಹಿ ಪಡೆಯಬೇಕು. ಫಾಸ್ಟ್ಯಾಗ್ ಮುಚ್ಚಿಸಬೇಕು, ಇಲ್ಲವಾದರೆ ಟೋಲ್‌ಗೇಟಿನಲ್ಲಿ ಹಣ ಹೋಗುವುದು ನಮ್ಮದೇ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35 ಕೊಟ್ಟು ಮೊದಲು ತೆಗೆಸಬೇಕು. ಹೆಸರು ಬದಲಾಯಿತೇ ಎಂದು ತಿಂಗಳ ನಂತರ ಸಾರಿಗೆ ಇಲಾಖೆಯ ವಾಹನ್ ತಾಣದಲ್ಲಿ ನಾವೇ ನೋಡಿ ಖಚಿತಪಡಿಸಿಕೊಳ್ಳುವುದು ಜಾಣತನ.

ಮೂರು ದಿನದ ಮೌನ

ಕೊನೆಯದಾಗಿ, ಮೋಸ ಹೋದರೆ ಏನು ಮಾಡಬೇಕು? ಈ ಮಾತು ಹೇಳಲೆಂದೇ ಇಷ್ಟನ್ನು ಬರೆದೆ.

1930 ಎಂಬುದು ದೇಶದಾದ್ಯಂತ ಸೈಬರ್ ವಂಚನೆಯ ದೂರು ಪಡೆಯುವ ಸಹಾಯವಾಣಿ. ಕಾಕತಾಳೀಯವೆಂದರೆ ನಮ್ಮ ದೇಶದ ಸರಕು ಮಾರಾಟ ಕಾಯ್ದೆ ಬಂದ ಇಸವಿಯೂ 1930. ಹಾಗಾಗಿ ಮಾರುವವರು ಈ ಸಂಖ್ಯೆಯನ್ನು ಮರೆಯುವಂತಿಲ್ಲ. ಅಲ್ಲಿಗೆ ಕರೆ ಮಾಡಿ ಹಣ ಹೋದ ವಿವರ ಕೊಟ್ಟರೆ, ಆ ಹಣ ಸೇರಿದ ಬ್ಯಾಂಕಿಗೆ ಕಂಪ್ಯೂಟರ್ ಮೂಲಕ ಸೂಚನೆ ಹೋಗುತ್ತದೆ. ಹಣ ಇನ್ನೂ ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ. ಬೇರೆ ಬ್ಯಾಂಕಿಗೆ ದಾಟಿದ್ದರೆ ಸೂಚನೆಯೂ ಅದರ ಬೆನ್ನು ಹತ್ತುತ್ತದೆ. ಇದು ಓಟದ ಪಂದ್ಯ. ವಂಚಕ ಹಣವನ್ನು ಖಾತೆಯಿಂದ ಖಾತೆಗೆ ದಾಟಿಸಿ ಎಟಿಎಂನಿಂದ ತೆಗೆಯುವಷ್ಟರಲ್ಲಿ ದೂರು ಅವನನ್ನು ಮುಟ್ಟಬೇಕು. ಆದ್ದರಿಂದಲೇ ಪೊಲೀಸರು ಮೊದಲ ಒಂದೆರಡು ಗಂಟೆಯನ್ನು ಸುವರ್ಣ ಘಳಿಗೆ ಎನ್ನುತ್ತಾರೆ. ಜೊತೆಗೆ ನಮ್ಮ ಬ್ಯಾಂಕಿಗೂ ತಿಳಿಸಬೇಕು. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ತಾಣದಲ್ಲೂ ದೂರು ದಾಖಲಿಸಬಹುದು. ವಂಚಕನ ನಂಬರು, ಸಂದೇಶ, ಕ್ಯೂಆರ್ ಚಿತ್ರ ಯಾವುದನ್ನೂ ಸಿಟ್ಟಿನಲ್ಲಿ ಅಳಿಸಬಾರದು. ಬೇರೊಬ್ಬರ ವೇಷ ಹಾಕಿ ಕಂಪ್ಯೂಟರ್, ಫೋನಿನ ಮೂಲಕ ವಂಚಿಸುವವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ.

ನಾನು ಕರೆ ಮಾಡಲಿಲ್ಲ. ಮಾಡಿದ್ದು ನಾಲ್ಕನೆಯ ದಿನ. ಸಂಖ್ಯೆ ಗೊತ್ತಿರಲಿಲ್ಲವೆಂದಲ್ಲ, ಶಾಲೆಯ ಗೋಡೆಯ ಮೇಲೆ ಅದರ ಚಿತ್ರ ಅಂಟಿಸಿದವನೇ ನಾನು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಮೇಷ್ಟರು ಮೋಸ ಹೋದರಂತೆ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಾರೆ, ಮಕ್ಕಳಿಗೆ ತಿಳಿದರೆ ಮುಖ ತೋರಿಸುವುದು ಹೇಗೆ ಎಂದು ಹೆದರಿ ಬಾಯಿಮುಚ್ಚಿ ಕೂತೆ. ಹೆಂಡತಿಗೂ ಯಾರಿಗೂ ಹೇಳಬೇಡವೆಂದೆ. ಆಮೇಲೆ ದೂರು ಕೊಟ್ಟಾಗ, ಹಣ ಅದೇ ದಿನ ಮೂರು ಖಾತೆ ದಾಟಿ ನಗದಾಗಿ ಹೋಗಿತ್ತೆಂದು ತಿಳಿಯಿತು. ‘ಅವತ್ತೇ ಹೇಳಿದ್ರೆ ಸ್ವಲ್ಪನಾದ್ರೂ ಹಿಡೀಬಹುದಿತ್ತೇನೋ ಸಾರ್’ ಎಂದರು ದೂರು ಬರೆದುಕೊಂಡ ಪೊಲೀಸಿನವರು. ವಂಚಕ ಹಣ ಒಯ್ದ, ನಿಜ. ಅದನ್ನು ದಕ್ಕಿಸಿಕೊಳ್ಳಲು ಅವನಿಗೆ ಬೇಕಿದ್ದ ಸಮಯವನ್ನು ಕೊಟ್ಟವನು ನಾನು.

ಆ ವಾರವೇ ಹತ್ತನೆಯ ತರಗತಿಯಲ್ಲಿ ಕಾರಣ ಮತ್ತು ಪರಿಣಾಮದ ಪಾಠ ಬಂತು. ಪುಸ್ತಕದ ಉದಾಹರಣೆ ಬಿಟ್ಟು ಐದು ರೂಪಾಯಿ, ಹತ್ತು ರೂಪಾಯಿಯ ಕಥೆ ಹೇಳಿದೆ. ಯಾರೂ ನಗಲಿಲ್ಲ. ಪಾಠ ಮುಗಿದ ಮೇಲೆ ಒಬ್ಬ ಹುಡುಗ ಹತ್ತಿರ ಬಂದು, ‘ನಮ್ಮ ಮಾವನಿಗೂ ಹಿಂಗೇ ಆಗಿದೆ ಸಾರ್, ಮನೇಲಿ ಯಾರಿಗೂ ಹೇಳಿಲ್ಲ’ ಎಂದ. ಅವತ್ತೇ ಹೇಳಿಸು ಎಂದೆ.

ಬೀರು ಕೊನೆಗೆ ಮಾರಾಟವಾಯಿತು. ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವವರೊಬ್ಬರು ಬಂದರು. ಬಾಗಿಲು ನಾಲ್ಕು ಸಲ ತೆಗೆದು ಹಾಕಿದರು, ಹಿಂಬದಿಯನ್ನು ಬೆರಳಲ್ಲಿ ಬಡಿದರು, ಕೆಳಗಿನ ಅರೆಯ ತುಕ್ಕು ತೋರಿಸಿ ಮುಖ ಸಿಂಡರಿಸಿದರು, ತಿಜೋರಿಯ ಎರಡನೆಯ ಕೀಲಿ ಎಲ್ಲಿ ಎಂದು ಕೇಳಿದರು. ಏಳು ಸಾವಿರದಿಂದ ಎಳೆದು ಎಳೆದು ಐದು ಸಾವಿರದ ಇನ್ನೂರಕ್ಕೆ ತಂದು ನಿಲ್ಲಿಸಿದರು. ಅವರು ಚೌಕಾಸಿ ಮಾಡಿದಷ್ಟೂ ನನಗೆ ಧೈರ್ಯ ಬರುತ್ತಿತ್ತು. ಹಣ ಎಣಿಸಿಕೊಂಡು, ಬೀರುವನ್ನು ಗೂಡ್ಸ್ ಆಟೊಗೆ ಏರಿಸಲು ನಾನೂ ಒಂದು ಕೈ ಹಾಕಿದೆ.